ತಲೆಗೆ ಕೂರದ ಮಾತು

ಒಂದು ಹಾಳೆ. ಮೇಲ್ಗಡೆ ಒಂಬತ್ತು ಚಿಹ್ನೆಗಳು, ಒಂದೊಂದರ ಕೆಳಗೂ ಒಂದೊಂದು ಅಂಕಿ. ಅದರ ಕೆಳಗೆ ಸಾಲುಸಾಲಾಗಿ ಬರೀ ಚಿಹ್ನೆಗಳು, ಅಂಕಿ ಇಲ್ಲ. ಮೇಲೆ ನೋಡಿಕೊಂಡು ಯಾವುದಕ್ಕೆ ಯಾವ ಅಂಕಿ ಅಂತ ಬಾಯಲ್ಲಿ ಹೇಳುತ್ತಾ ಹೋಗಬೇಕು. ಸಮಯ 90 ಸೆಕೆಂಡು. ಪರೀಕ್ಷೆ ಅಷ್ಟೇ.

ನೋಡಿದರೆ ಮಕ್ಕಳಾಟ ಅನ್ನಿಸುತ್ತದೆ ಅಲ್ವಾ? ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅನ್ನುವ ಮಿದುಳು, ಬೆನ್ನುಹುರಿಯ ನರಗಳ ಕಾಯಿಲೆ ಇರುವವರ ಯೋಚನೆಯಲ್ಲಿ ಆಗುವ ತೊಡಕನ್ನು ಹಿಡಿಯಲು ತಜ್ಞರು ಹೆಚ್ಚಾಗಿ ನೆಚ್ಚಿಕೊಂಡಿರುವುದು ಈ ಹಾಳೆಯನ್ನೇ. ಇಲ್ಲಿ ಎಂಎಸ್ ಇರುವವರು ತಪ್ಪು ಹೇಳುವುದು ಕಡಿಮೆ. ಹೇಳಿದ ಅಂಕಿಗಳು ಸಾಮಾನ್ಯವಾಗಿ ಸರಿಯೇ. ಆದರೆ ಸಮಯ ಮುಗಿದಾಗ ಬೇರೆಯವರು ತಲುಪಿದ ಸಾಲನ್ನು ಇವರು ತಲುಪಿರುವುದಿಲ್ಲ. ಗೊತ್ತಿಲ್ಲ ಅಂತಲ್ಲ, ಹೊತ್ತು ಸಾಲಲಿಲ್ಲ.

ಡಾಕ್ಟರ ಮುಂದೆ ಕೂತಾಗ ಬರುವ ದೂರು ಮಾತ್ರ ಬೇರೆ. 'ಮರೆವು ಜಾಸ್ತಿ ಆಗಿದೆ' ಅನ್ನುತ್ತಾರೆ. ಬಾಯಿ ತುದಿಯಲ್ಲೇ ಇರುವ ಪದ ಹೊರಗೆ ಬರುವುದಿಲ್ಲ. ಕೋಣೆಗೆ ಬಂದು ಯಾಕೆ ಬಂದೆ ಅಂತ ನಿಲ್ಲುತ್ತಾರೆ. ಒಬ್ಬರ ಜೊತೆ ಕೂತು ಮಾತಾಡುವಾಗ ಏನೂ ತೊಂದರೆ ಇರುವುದಿಲ್ಲ. ಐದು ಜನ ಸೇರಿದರೆ ಕಷ್ಟ. ಒಬ್ಬರು ಹೇಳಿದ್ದು ಅರ್ಥವಾಗಿ, ಅದಕ್ಕೆ ಏನು ಹೇಳಬೇಕು ಅಂತ ಹೊಳೆಯುವಷ್ಟರಲ್ಲಿ ಮಾತು ಎರಡು ವಿಷಯ ದಾಟಿರುತ್ತದೆ. ಎಲ್ಲರೂ ನಗುತ್ತಾರೆ. ಇವರೂ ಸುಮ್ನೆ ನಗುತ್ತಾರೆ.

ಈ ನಿಧಾನಕ್ಕೂ ಆ ಮರೆವಿಗೂ ಒಂದು ನಂಟಿದೆ. ಅದನ್ನು ನೋಡಬೇಕಾದರೆ ನರಗಳವರೆಗೆ ಹೋಗಬೇಕು.

ಕರೆಂಟ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ಮಿದುಳಿನ ಬಹಳಷ್ಟು ನರತಂತುಗಳಿಗೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇದೆ. ಇದರ ಕೆಲಸ ಬರೀ ರಕ್ಷಣೆಯಲ್ಲ, ವೇಗ. ಹೊದಿಕೆಯ ನಡುನಡುವೆ ಇರುವ ಸಣ್ಣ ಸಂದುಗಳಲ್ಲಿ ಸಂಕೇತ ಜಿಗಿಯುತ್ತಾ ಹೋಗುತ್ತದೆ. ದಪ್ಪ ಹೊದಿಕೆಯ ತಂತುವಿನಲ್ಲಿ ಸೆಕೆಂಡಿಗೆ ಸುಮಾರು 100 ಮೀಟರ್ ಓಡಬಹುದು. ಹುಟ್ಟಿನಿಂದಲೇ ಹೊದಿಕೆಯಿಲ್ಲದ ಸಪೂರ ತಂತುಗಳಲ್ಲಿ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಹೊದಿಕೆಯ ಮೇಲೆ ಬೀಳುತ್ತದೆ. ಹೊದಿಕೆ ಹರಿದ ಕಡೆ ಸಂಕೇತ ತಡವಾಗುತ್ತದೆ, ಕೆಲವು ಕಡೆ ನಿಂತೇ ಹೋಗುತ್ತದೆ. ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಮಿದುಳಿನ ಹೊರಪದರಕ್ಕೂ ಏಟು ಬೀಳುತ್ತದೆ. ಸಂಕೇತಗಳ ದೊಡ್ಡ ಜಂಕ್ಷನ್ ಆದ ಥಲಮಸ್ ಬೇಗನೇ ಕುಗ್ಗತೊಡಗುತ್ತದೆ.

ಈಗ ಮರೆವಿನ ವಿಷಯ. ಮಾತುಗಳು ತಲೆಯಲ್ಲಿ ಕೂರಲು ಸ್ವಲ್ಪ ಹೊತ್ತು ಬೇಕು. ಕೇಳಿದ್ದನ್ನು ಜೋಡಿಸಿ, ಹಳೆಯದರ ಪಕ್ಕ ಇಟ್ಟುಕೊಳ್ಳಬೇಕು. ಆ ಕೆಲಸ ನಿಧಾನವಾದರೆ ಮೊದಲ ಮಾತು ಕೂರುವ ಮುಂಚೆ ಎರಡನೆಯದು ಬಂದು ಅದನ್ನು ತಳ್ಳುತ್ತದೆ. ಅಮೆರಿಕದ ಜಾನ್ ಡಿಲೂಕಾ ಮತ್ತು ಸಂಗಡಿಗರು 1990ರ ದಶಕದಲ್ಲಿ ಒಂದು ಚಂದದ ಪ್ರಯೋಗ ಮಾಡಿದರು. ಎಂಎಸ್ ಇರುವವರಿಗೂ ಇಲ್ಲದವರಿಗೂ ಒಂದೇ ಪದಪಟ್ಟಿ ಕೊಟ್ಟು, ಪೂರ್ತಿ ಬಾಯಿಗೆ ಬರುವವರೆಗೆ ಮತ್ತೆ ಮತ್ತೆ ಹೇಳಿಸಿದರು. ಎಂಎಸ್ ಇರುವವರಿಗೆ ಹೆಚ್ಚು ಸಲ ಹೇಳಬೇಕಾಯಿತು. ಆದರೆ ಒಮ್ಮೆ ಕಲಿತ ಮೇಲೆ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ, ಇಬ್ಬರ ನೆನಪೂ ಹೆಚ್ಚುಕಡಿಮೆ ಒಂದೇ. ಅಂದರೆ ಮರೆತರು ಅನ್ನುವ ಎಷ್ಟೋ ವಿಷಯ ಅವರ ತಲೆಯೊಳಗೆ ಸರಿಯಾಗಿ ಹೋಗಿಯೇ ಇರಲಿಲ್ಲ! ಅಲ್‌ಝೈಮರ್‌ನ ಮರೆವಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಹೊಸ ನೆನಪು ಬೇಗ ಅಳಿಸಿಹೋಗುತ್ತದೆ, ಎಷ್ಟು ಸಲ ಹೇಳಿದರೂ ಅಷ್ಟೇ.

ಇದೇನೂ ನಿನ್ನೆ ಮೊನ್ನೆ ಕಂಡದ್ದಲ್ಲ. 1868ರಲ್ಲಿ ಪ್ಯಾರಿಸ್‌ನ ನರವೈದ್ಯ ಝಾನ್ ಮಾರ್ಟಿನ್ ಶಾರ್ಕೋ ಈ ಕಾಯಿಲೆಯನ್ನು ವಿವರಿಸುವಾಗಲೇ ನೆನಪು ಕುಂದುವುದನ್ನೂ ವಿಚಾರಗಳು ನಿಧಾನವಾಗಿ ಮೂಡುವುದನ್ನೂ ಗುರುತಿಸಿದ್ದರು. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ವೈದ್ಯರು ಇದನ್ನು ಅಪರೂಪ ಅಂತಲೇ ನಂಬಿದ್ದರು. ಅಮೆರಿಕದ ಮನೋವಿಜ್ಞಾನಿ ಸ್ಟೀಫನ್ ರಾವ್ ತಂಡ 1991ರಲ್ಲಿ ಆಸ್ಪತ್ರೆಯ ಹೊರಗಿನ ರೋಗಿಗಳನ್ನು ಹುಡುಕಿ ಪರೀಕ್ಷಿಸಿದಾಗ ಶೇ 40ಕ್ಕಿಂತ ಹೆಚ್ಚು ಮಂದಿಗೆ ಈ ತೊಂದರೆ ಕಂಡಿತು. ಇಷ್ಟು ಜನ ಕಣ್ಣಿಗೆ ಬೀಳದೆ ಹೋದದ್ದು ಹೇಗೆ? ನನಗನ್ನಿಸುವ ಪ್ರಕಾರ ಕಾಲಿಗೆ ಕೊಟ್ಟ ಗಮನವನ್ನು ತಲೆಗೆ ಯಾರೂ ಕೊಡಲಿಲ್ಲ. ಎಂಎಸ್ ಎಷ್ಟು ಬೆಳೆದಿದೆ ಅಂತ ಅಳೆಯಲು ಇವತ್ತಿಗೂ ಬಳಸುವ ಮಾಪನದಲ್ಲಿ ನಡುಮಟ್ಟದಿಂದ ಮೇಲೆ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ನಡಿಗೆ. ಚೆನ್ನಾಗಿ ನಡೆಯುವವರು ಕೆಲಸ ಬಿಡಬೇಕಾಗಿ ಬಂದರೆ ಆ ಅಂಕಿಯಲ್ಲಿ ಅದು ಕಾಣುವುದಿಲ್ಲ. ಎಂಎಸ್ ಸಾಮಾನ್ಯವಾಗಿ ಶುರುವಾಗುವುದು 20ರಿಂದ 40ರ ವಯಸ್ಸಿನಲ್ಲಿ, ದುಡಿಯುವ ಕಾಲದಲ್ಲಿ.

ಇನ್ನೊಂದು ತಮಾಷೆ ಇದೆ. 'ನನಗೆ ಮರೆವು' ಅನ್ನುವವರಿಗೆಲ್ಲ ಪರೀಕ್ಷೆಯಲ್ಲಿ ಅಂಕ ಕಡಿಮೆ ಬರಬೇಕು ಅಂತೇನಿಲ್ಲ. ದೂರು ಹೆಚ್ಚು ಹೊಂದುವುದು ಖಿನ್ನತೆಯ ಜೊತೆ. ಹಾಗಂತ ದೂರು ಸುಳ್ಳಲ್ಲ. ಖಿನ್ನತೆ, ದಣಿವು, ಕೆಟ್ಟ ನಿದ್ದೆ, ಮೂತ್ರದ ತೊಂದರೆಗೆ ಕೊಡುವ ಕೆಲವು ಮಾತ್ರೆ, ಎಲ್ಲವೂ ತಲೆಗೆ ಮಂಜು ಕವಿಸುತ್ತವೆ. ಇವುಗಳಿಗೆ ಪರಿಹಾರ ಉಂಟು. ಅದಕ್ಕೇ ಮೊದಲು ಇವನ್ನು ನೋಡಬೇಕು.

ನೆನಪಿಗಂತಲೇ ಕೊಡುವ ಮಾತ್ರೆ ಇದೆಯಾ? ಅಲ್‌ಝೈಮರ್‌ಗೆ ಕೊಡುವ ಡೊನೆಪೆಝಿಲ್ ಮೇಲೆ ಆಸೆ ಇತ್ತು, ದೊಡ್ಡ ಪ್ರಯೋಗದಲ್ಲಿ ಅದು ಕೈಕೊಟ್ಟಿತು. ಸ್ವಲ್ಪ ಕೈಹಿಡಿದದ್ದು ತರಬೇತಿ. ಕಲಿಯಬೇಕಾದ ಪದಗಳನ್ನು ಕಥೆಯಾಗಿ ಹೆಣೆದು, ಕಣ್ಣಮುಂದೆ ಚಿತ್ರ ಕಟ್ಟಿಕೊಳ್ಳುವುದು ಅದರಲ್ಲೊಂದು. ಇದರಿಂದ ಮಾತು ತಲೆಗೆ ಕೂರುವ ಹಂತವೇ ಗಟ್ಟಿಯಾಗುತ್ತದೆ. ಮನೆಯವರು ಮಾಡಬಹುದಾದ್ದು ಇನ್ನೂ ಸುಲಭ: ಟಿವಿ ಆಫ್ ಮಾಡಿ ಮಾತಾಡುವುದು, ಒಂದು ಸಲಕ್ಕೆ ಒಂದೇ ವಿಷಯ ಹೇಳುವುದು, ಉತ್ತರಕ್ಕೆ ಕಾಯುವುದು, ವಾಕ್ಯ ತಾವೇ ಮುಗಿಸದೇ ಇರುವುದು. ಕೊನೆಯದು ಹೇಳಿದಷ್ಟು ಸುಲಭವಲ್ಲ ಬಿಡಿ.

ಆ ಒಂಬತ್ತು ಚಿಹ್ನೆಗಳ ಹಾಳೆಯನ್ನು ವರ್ಷಕ್ಕೊಮ್ಮೆಯಾದರೂ ಮುಂದಿಡಿ ಅಂತ ಈಗ ತಜ್ಞರು ಹೇಳುತ್ತಾರೆ. ಹೋದ ಸಲಕ್ಕಿಂತ ನಾಲ್ಕು ಅಂಕ ಇಳಿದರೂ ಗಮನಿಸಬೇಕಾದ ವಿಷಯವೇ. ಕೆಲವರಲ್ಲಿ ಕೈಕಾಲು, ಕಣ್ಣು ಎಲ್ಲ ಮೊದಲಿನಂತೆಯೇ ಇದ್ದು ಈ ಅಂಕ ಮಾತ್ರ ಸರ್ರನೆ ಕುಸಿದದ್ದುಂಟು. ಸ್ಕ್ಯಾನ್ ಮಾಡಿದರೆ ಮಿದುಳಿನಲ್ಲಿ ಹೊಸ ಉರಿಯೂತ. ಕೆಲವು ತಿಂಗಳ ಮೇಲೆ ಅಂಕ ಮತ್ತೆ ಏರಿದೆ. ಹಾಳೆ ಇಲ್ಲದಿದ್ದರೆ ಅದು ಬರೀ 'ಯಾಕೋ ಈಚೆಗೆ ಸುಸ್ತು' ಆಗಿ ಕಳೆದುಹೋಗುತ್ತಿತ್ತು.