ಲಾರಿ ಚಾಲಕರ ಎಂಟು ಗಂಟೆ ಎಲ್ಲಿ ತಪ್ಪಿತು?

ಲಾರಿ ಚಾಲಕರ ದುಡಿಮೆಗೆ ಮಿತಿ ಹಾಕುವ ಕಾನೂನೇ ನಮ್ಮಲ್ಲಿ ಇಲ್ಲ ಎಂದುಕೊಂಡವರು ಬಹಳ. ಇದೆ, ಅದೂ ಸ್ವಾತಂತ್ರ್ಯಕ್ಕೂ ಮೊದಲಿನಿಂದ. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕೊಡಬೇಕೆಂದು 1939ರ ಮೋಟಾರು ವಾಹನ ಕಾಯ್ದೆಯೇ ಹೇಳಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆಯಿತು. ದೂರದ ಮಾರ್ಗಕ್ಕೆ ಅನುಮತಿ ಪಡೆದರೆ 10 ಮತ್ತು 54. ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ. 1988ರ ಹೊಸ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಇದೇ ಗಂಟೆಗಳನ್ನು ಎತ್ತಿಕೊಂಡಿತು.

ತೊಡಕಿರುವುದು ಗಂಟೆ ಎಣಿಸುವ ರೀತಿಯಲ್ಲಿ. 1961ರ ಕಾಯ್ದೆಯ ಪ್ರಕಾರ ಗಾಡಿ ಓಡುವ ಹೊತ್ತು, ಲೋಡಿಂಗ್, ಅನ್‌ಲೋಡಿಂಗ್, ರಿಪೇರಿ ಎಲ್ಲವೂ ದುಡಿಮೆಯೇ ಆಗಿತ್ತು. ಆದರೆ ಟರ್ಮಿನಲ್‌ನಲ್ಲಿ ಸುಮ್ಮನೆ ಕಾದ ಹೊತ್ತು 15 ನಿಮಿಷದೊಳಗಿದ್ದರಷ್ಟೇ ಲೆಕ್ಕಕ್ಕೆ ಬರುತ್ತಿತ್ತು. ಬಸ್ಸಿಗೆ ಹೊಂದುವ ನಿಯಮ ಇದು. ಬೆಂಗಳೂರಿಗೆ ಬರುವ ಲಾರಿ ಹಗಲಿನ ನೋ ಎಂಟ್ರಿ ಮುಗಿಯುವವರೆಗೆ ನೆಲಮಂಗಲ, ಹೊಸಕೋಟೆ, ಅತ್ತಿಬೆಲೆ ಕಡೆ ಗಂಟೆಗಟ್ಟಲೆ ನಿಲ್ಲಬೇಕು. ಡೀಸೆಲ್, ಬ್ಯಾಟರಿ, ತಾಡಪಾಲು ಕಾಯುವವನೂ ಚಾಲಕನೇ. ಗಾಢ ನಿದ್ದೆ ಎಲ್ಲಿಂದ ಬಂತು? 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ, ಸರಿ. ಆದರೆ ಎಂಜಿನ್‌ನಿಂದ ನಡೆಯುವ ಎಸಿ, ಗಾಡಿ ಆಫ್ ಮಾಡಿದರೆ ನಿಂತುಹೋಗುತ್ತದೆ. ರಾತ್ರಿ ಊರೊಳಗೆ ಬಂದು ಮಾಲು ಇಳಿಸಿ, ಬೆಳಗಾಗುವಷ್ಟರಲ್ಲಿ ಹೊರಬೀಳಬೇಕು.

ಪೀಣ್ಯದಿಂದ ಹುಬ್ಬಳ್ಳಿಗೆ ಸುಮಾರು 400 ಕಿ.ಮೀ. ಲೋಡ್ ಗಾಡಿಗೆ ಸರಾಸರಿ 40 ಕಿ.ಮೀ. ವೇಗ ಹಿಡಿದರೂ ಓಡಿಸುವುದಕ್ಕೇ 10 ಗಂಟೆ. ಗೋಡೌನ್ ಮುಂದೆ ಹಮಾಲಿಗಳಿಗೆ ಕಾದು, ಲೋಡ್ ಮಾಡಿಸಿ, ಹಗ್ಗ ಬಿಗಿದದ್ದು ಇದರ ಮೇಲೆ. ಬಾಟಾ ಎಂಬ ಭತ್ಯೆ ಟ್ರಿಪ್ ಲೆಕ್ಕದಲ್ಲಿ ಸಿಗುವುದರಿಂದ ಮಧ್ಯದಲ್ಲಿ ನಿಲ್ಲಿಸಿ ಮಲಗಿದವನಿಗೆ ನಷ್ಟ.

ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವೊಂದಿತ್ತು. 2018ರಲ್ಲಿ ಅದನ್ನೂ ಕೈಬಿಟ್ಟರು. ಪಾಲನೆ ಅಷ್ಟಕ್ಕಷ್ಟೇ ಇತ್ತೆಂಬುದು ನಿಜ, ಆದರೂ ಕೇಳಲು ಒಂದು ಆಧಾರವಾದರೂ ಇತ್ತು.

1961ರ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಅದರ ಬದಲಿಗೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಸಂಖ್ಯೆ ಹತ್ತು. ಒಂದೆರಡು ಲಾರಿಯ ಮಾಲೀಕರು ಮೊದಲೇ ಹೊರಗಿದ್ದರು. ಈಗ ನಾಲ್ಕೈದು ಲಾರಿ ಇಟ್ಟವರೂ ಹೊರಗುಳಿಯಬಹುದು.

ಒಳಗಿರುವವರನ್ನಾದರೂ ಹಿಡಿಯುವುದು ಹೇಗೆ? ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ. ಗಾಡಿಯಲ್ಲಿರುವ ಟ್ಯಾಕೋಗ್ರಾಫ್ ಅದನ್ನು ದಾಖಲಿಸುತ್ತದೆ, ತಪಾಸಣೆಯವರು ರಸ್ತೆಯಲ್ಲೇ ಓದುತ್ತಾರೆ. ನಮ್ಮ ಜಿಪಿಎಸ್‌ನಲ್ಲೂ ಗಾಡಿ ಎಷ್ಟು ಹೊತ್ತಿಗೆ ಹೊರಟಿತು, ಎಲ್ಲಿ ನಿಂತಿತು ಎಂಬುದೆಲ್ಲ ಇರುತ್ತದೆ. ಅದನ್ನು ನೋಡುವುದು ಮಾತ್ರ ಟ್ರಾನ್ಸ್‌ಪೋರ್ಟ್ ಆಫೀಸಿನವರು, ‘ಯಾಕೆ ನಿಲ್ಲಿಸಿದೆ?’ ಎಂದು ಫೋನ್ ಮಾಡುವುದಕ್ಕೆ.