ಮೊದಲು ಪೆಟ್ಟಿಗೆ ಖಾಲಿ ಮಾಡಿ

ಈಚೆಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಹೋಗಿದ್ದೆ. ಪವರ್ ಪ್ರೆಸ್ (ಲೋಹದ ಹಾಳೆ ಒತ್ತಿ ಕತ್ತರಿಸುವ ಯಂತ್ರ) ಕೆಲಸ, ಎರಡು ಶಿಫ್ಟ್. "ಡಾಕ್ಟ್ರೇ, ಹೊಸ ಕಾನೂನು ಬಂದಿದೆಯಲ್ಲ, ಫಸ್ಟ್ ಏಡ್ ಬಾಕ್ಸಿಗೆ ಏನೇನು ಸೇರಿಸಬೇಕು, ಒಂದು ಪಟ್ಟಿ ಬರೆದುಕೊಡಿ" ಎಂದರು ಮಾಲೀಕರು. ಮೊದಲು ಇರೋದನ್ನು ನೋಡೋಣ ಎಂದೆ. ಬಾಕ್ಸಿಗೆ ಬೀಗ ಹಾಕಿತ್ತು. ಕೀ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ಇಪ್ಪತ್ತು ನಿಮಿಷ ಕಾದೆವು.

ಒಳಗೆ ಕಂಡದ್ದು ಇಷ್ಟು: ಧೂಳು ಹಿಡಿದ ಹತ್ತಿ ಉಂಡೆ, 2019ರಲ್ಲೇ ಅವಧಿ ಮುಗಿದ ಮುಲಾಮು, ತಲೆನೋವಿನ ಮಾತ್ರೆ, ಯಾರದ್ದೋ ಬೈಕ್ ಕೀ. ಮೂಲೆಯಲ್ಲಿ ಹಾವು ಕಡಿದ ಜಾಗ ಕುಯ್ಯುವ ಪುಟ್ಟ ಬ್ಲೇಡು.

ಆ ಬ್ಲೇಡಿಗೆ ಮಾಲೀಕರನ್ನು ಬೈಯೋಕಾಗಲ್ಲ. ಹಳೆಯ ನಿಯಮಗಳ ಪಟ್ಟಿಯಲ್ಲೇ ಅದಿತ್ತು, ಪೊಟ್ಯಾಶಿಯಂ ಪರ್ಮಾಂಗನೇಟ್ ಹರಳಿನ ಜೊತೆಗೆ. ಈಗ ಎರಡನ್ನೂ ಎಸೆಯಿರಿ. ಹಾವು ಕಡಿದರೆ ಕುಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು. ಕೈಕಾಲು ಅಲ್ಲಾಡದಂತೆ ಇಟ್ಟು ಆಸ್ಪತ್ರೆಗೆ ಓಡಬೇಕು, ಅಷ್ಟೇ. 2024ರಲ್ಲಿ ಕರ್ನಾಟಕ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು ಎಂದು ನಿಯಮ ಮಾಡಿತು. ಆದರೆ ಬ್ಲೇಡು ಎಷ್ಟೋ ಪೆಟ್ಟಿಗೆಗಳಲ್ಲಿ ಇನ್ನೂ ಹಾಯಾಗಿ ಮಲಗಿದೆ.

ಇನ್ನು ಕಾನೂನು. 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಂ 150 ಕೆಲಸಗಾರರಿಗೆ ಒಂದರಂತೆ ಪೆಟ್ಟಿಗೆ ಕೇಳುತ್ತಿತ್ತು. ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ವಿದ್ಯುತ್ ಬಳಸುವ ಕಡೆ 20 ಜನ ಇದ್ದರೆ ಮಾತ್ರ ಈಗ ಅದು 'ಕಾರ್ಖಾನೆ'. "ಹಾಗಾದ್ರೆ ಹದಿನೈದು ಜನರ ನಮಗೆ ಬಾಕ್ಸ್ ಬೇಡ ಅಲ್ವಾ?" ಎಂದು ಕೇಳುವವರಿದ್ದಾರೆ. ಬೇಕು. ಪೆಟ್ಟಿಗೆಯ ಮಾತು ಬರುವುದು 'ಸಂಸ್ಥೆ' ಎಂಬ ಪದದ ಅಡಿ, ಅದಕ್ಕೆ ಹತ್ತು ಜನ ಸಾಕು. ಕೆಲಸ ನಡೆಯುವಷ್ಟು ಹೊತ್ತೂ ಕೈಗೆ ಸುಲಭವಾಗಿ ಸಿಗಬೇಕು ಎಂದೂ ಸಂಹಿತೆ ಹೇಳುತ್ತದೆ. ಅಂದಮೇಲೆ ಬೀಗ ಯಾಕೆ?

ಮಾತ್ರೆಗಳನ್ನೂ ಹೊರಗಿಡಿ. ಯಾರಿಗೆ ಯಾವ ಅಲರ್ಜಿಯೋ ಸೂಪರ್‌ವೈಸರ್‌ಗೆ ಹೇಗೆ ಗೊತ್ತಾಗಬೇಕು? ಗಾಯದ ಮೇಲೆ ನೇರವಾಗಿ ಹತ್ತಿ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಅದರ ಬದಲು ಒಂದೊಂದೇ ಪ್ಯಾಕ್ ಮಾಡಿದ ಸ್ಟೆರೈಲ್ ಗಾಜ್, ಅಂದರೆ ಗಾಯಕ್ಕೆ ಇಡುವ ರೋಗಾಣುರಹಿತ ತೆಳು ಬಟ್ಟೆ, ಸಾಕಷ್ಟಿರಲಿ. ಇನ್ನು ಪೆಟ್ಟಿಗೆ ಮೇಲಿನ ಕೆಂಪು ಕ್ರಾಸ್. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಆ ಗುರುತು ಯಾರು ಬೇಕಾದರೂ ಬಳಸುವಂಥದ್ದಲ್ಲ. ಹೊಸದು ಕೊಳ್ಳುವಾಗ ಹಸಿರು ಹಿನ್ನೆಲೆಯ ಬಿಳಿ ಕ್ರಾಸ್ ಇರೋದನ್ನು ಕೇಳಿ.

ಪ್ರೆಸ್ ಇರುವ ಕಡೆ ನಾನು ಮೊದಲು ಸೇರಿಸುವುದು ಕೆಲವೇ ರೂಪಾಯಿಯ ಜಿಪ್ ಕವರುಗಳು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನ ತೋರುಬೆರಳು ತುಂಡಾಯಿತು. ಜೊತೆಗಾರರು ಚುರುಕಾಗಿಯೇ ಇದ್ದರು, ಬೆರಳನ್ನು ಹುಡುಕಿ ತಂದರು. ಆದರೆ ತಂದದ್ದು ಐಸ್ ನೀರಿನ ಲೋಟದಲ್ಲಿ ಮುಳುಗಿಸಿ. ನೀರು ಕುಡಿದು ಬಿಳುಚಿಕೊಂಡಿದ್ದ ಆ ಬೆರಳನ್ನು ಮತ್ತೆ ಜೋಡಿಸಲು ಆಗಲಿಲ್ಲ. ಗಾಜ್ ಬಟ್ಟೆಯನ್ನು ಸಲೈನ್‌ನಲ್ಲಿ (ಶುದ್ಧ ಉಪ್ಪುನೀರು) ಒದ್ದೆ ಮಾಡಿ ಹಿಂಡಿ, ತುಂಡಾದ ಬೆರಳನ್ನು ಅದರಲ್ಲಿ ಸುತ್ತಿ, ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಆ ಕವರನ್ನು ಐಸ್ ಇರುವ ಇನ್ನೊಂದು ಕವರಿನಲ್ಲಿ ಇಡಬೇಕು. ಐಸ್ ಬೆರಳಿಗೆ ತಾಗಬಾರದು. ಇದನ್ನೇ ನಾಲ್ಕು ಚಿತ್ರ ಬರೆಸಿ ಪೆಟ್ಟಿಗೆ ಮುಚ್ಚಳದ ಒಳಗೆ ಅಂಟಿಸುತ್ತೇನೆ.

ವಿದೇಶಿ ಗ್ರಾಹಕರಿಗೆ ಮಾಲು ಕಳಿಸುವ ಗಾರ್ಮೆಂಟ್ಸ್‌ನವರು ಅಮೆರಿಕದ ಪಟ್ಟಿ ಹಿಡಿದು ಬರುತ್ತಾರೆ. ಅಲ್ಲಿನ ಮಾನದಂಡ 2021ರಲ್ಲಿ ಬದಲಾಯಿತು. ಮೈ ಬೆಚ್ಚಗಿಡುವ ಫಾಯಿಲ್ ಹೊದಿಕೆ ಸೇರಿತು. ಅಪಾಯ ಜಾಸ್ತಿ ಇರುವ ಕಡೆಯ 'ಬಿ' ವರ್ಗದ ಪೆಟ್ಟಿಗೆಯಲ್ಲಿ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ, ಟೂರ್ನಿಕೆಟ್, ಇರಲೇಬೇಕು. ಹೊಲಿಗೆ ಸಾಲಿಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ, ಅಲ್ಲಿ ಬೆರಳಿಗೆ ಸೂಜಿ ಚುಚ್ಚುವುದೇ ಹೆಚ್ಚು. ಪ್ರೆಸ್, ಕಟಿಂಗ್ ಯಂತ್ರಗಳ ಹತ್ತಿರ ಬೇಕು, ಆದರೆ ಕಟ್ಟಲು ಕಲಿತವರು ಇದ್ದರೆ ಮಾತ್ರ. ಮೊದಲು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ನಿಲ್ಲದೇ ಹೋದರೆ ಟೂರ್ನಿಕೆಟ್ ಬಿಗಿದು, ಬಿಗಿದ ಸಮಯವನ್ನು ಅದರ ಮೇಲೇ ಬರೆಯಿರಿ.

ಆಸಿಡ್ ಅಥವಾ ಬಿಸಿ ತಗುಲಿದರೆ ಪೆಟ್ಟಿಗೆ ಹುಡುಕುವ ಮೊದಲು ನಲ್ಲಿ ತಿರುಗಿಸಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ಹರಿಯುವ ನೀರು. ಪೇಸ್ಟು, ತುಪ್ಪ ಬೇಡ.

ಪೀಣ್ಯದ ಆ ಮಾಲೀಕರಿಗೆ ಕೊನೆಗೂ ಪಟ್ಟಿ ಕೊಟ್ಟೆ. ಅದಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಎರಡನೇ ಶಿಫ್ಟಿಗೆ ತರಬೇತಿ ಪಡೆದವರು ಒಬ್ಬರಾದರೂ ಬೇಕು ಎಂದು ಒಪ್ಪಿಸೋದಕ್ಕೆ. ಹಗಲಿನ ಸೂಪರ್‌ವೈಸರ್ ಹತ್ತಿರ ಸರ್ಟಿಫಿಕೇಟ್ ಇತ್ತು, ಅವರು ಆರಕ್ಕೆ ಮನೆಗೆ ಹೋಗುತ್ತಿದ್ದರು. ಬೀಗ ತೆಗೆಸಿ, ಎಳೆದರೆ ಕಿತ್ತುಬರುವ ಪ್ಲಾಸ್ಟಿಕ್ ಸೀಲ್ ಹಾಕಿಸಿದೆ. ಸೀಲ್ ಒಡೆದಿದ್ದರೆ ಯಾರೋ ಬಳಸಿದ್ದಾರೆ, ಮತ್ತೆ ತುಂಬಿಸಬೇಕು ಎಂದರ್ಥ.

ಮೂರು ವಾರ ಬಿಟ್ಟು ಮತ್ತೆ ಹೋದಾಗ ಸೀಲ್ ಒಡೆದಿತ್ತು. "ನೋಡಿ ಸಾರ್, ಆಗಲೇ ಕಿತ್ತುಹಾಕಿದ್ದಾರೆ" ಎಂದು ಮಾಲೀಕರು ಗೊಣಗಿದರು. ಪಕ್ಕದಲ್ಲಿ ದಾರ ಕಟ್ಟಿ ತೂಗುಹಾಕಿದ್ದ ನೋಟ್‌ಬುಕ್ ತೆರೆದೆ. ವಕ್ರ ಅಕ್ಷರದಲ್ಲಿ ಒಂದು ಸಾಲು: ರಾತ್ರಿ 9.40, ಹೆಬ್ಬೆರಳು ಕುಯ್ದಿದೆ, ಗಾಜ್ 2, ಗ್ಲೌಸ್ 1 ಜೊತೆ.