ಓದುಗರ ಪ್ರಶ್ನೆ: ವರ್ಚುವಲ್ ಬಾಯ್‌ಗೆ ಒಟ್ಟು ಎಷ್ಟು ಗೇಮ್ ಬಂದವು?

ಪ್ರಶ್ನೆ: ನಿಂಟೆಂಡೊ ಕಂಪನಿಯ ವರ್ಚುವಲ್ ಬಾಯ್ ಎಂಬ ವಿಡಿಯೊ ಗೇಮ್ ಯಂತ್ರಕ್ಕೆ ಎಷ್ಟು ಗೇಮ್‌ಗಳಿವೆ? ಒಂದು ಕಡೆ 14 ಅಂತಾರೆ, ಇನ್ನೊಂದು ಕಡೆ 19, ಮತ್ತೊಂದು ಕಡೆ 22. ಯಾವುದು ಸರಿ? ಅಷ್ಟು ಕಡಿಮೆ ಯಾಕೆ?

ಮೂರೂ ಸರಿ. ಎಣಿಸಿದವರು ಯಾವ ದೇಶದ ಅಂಗಡಿಯಲ್ಲಿ ನಿಂತಿದ್ದರು ಅನ್ನುವುದಷ್ಟೇ ವ್ಯತ್ಯಾಸ. ಜಪಾನಿನಲ್ಲಿ 19 ಗೇಮ್ ಮಾರಾಟಕ್ಕೆ ಬಂದವು, ಉತ್ತರ ಅಮೆರಿಕದಲ್ಲಿ 14. ಅವುಗಳಲ್ಲಿ 11 ಗೇಮ್ ಎರಡೂ ಕಡೆ ಬಂದವು. ಅವನ್ನು ಒಂದೇ ಸಲ ಲೆಕ್ಕಕ್ಕೆ ಹಿಡಿದರೆ ಒಟ್ಟು 22. ಅಂದರೆ ಜಪಾನಿನವರಿಗೆ ಮಾತ್ರ ಸಿಕ್ಕಿದ್ದು 8, ಅಮೆರಿಕದವರಿಗೆ ಮಾತ್ರ ಸಿಕ್ಕಿದ್ದು 3. ಯುರೋಪಿಗಾಗಲಿ ನಮ್ಮಲ್ಲಿಗಾಗಲಿ ಈ ಯಂತ್ರ ಬರಲೇ ಇಲ್ಲ. ನಾವಿಲ್ಲಿ ಆಗ ಟಿವಿಗೆ ಸಿಗಿಸುವ ನಕಲಿ ಸೆಟ್ಟಿಗೆ ‘9999 ಇನ್ 1’ ಎಂದು ಅಚ್ಚಾದ ಕ್ಯಾಸೆಟ್ ಊದಿ ಊದಿ ತೂರಿಸುತ್ತಿದ್ದೆವು. ಆ 9999ರಲ್ಲಿ ನಿಜಕ್ಕೂ ಬೇರೆ ಬೇರೆ ಗೇಮ್ ಎಷ್ಟು ಅಂತ ಎಣಿಸಿದವರಿಗೆ ಗೊತ್ತು! ಅದರ ಮುಂದೆ 22 ಅನ್ನುವುದು ಬಹಳ ಪ್ರಾಮಾಣಿಕ ಸಂಖ್ಯೆ.

ಇನ್ನು ‘ಕಡಿಮೆ ಯಾಕೆ’ ಅನ್ನುವುದು. ಅದಕ್ಕೆ ಮೊದಲು ದಿನಾಂಕಗಳನ್ನು ನೋಡಿ. ಜಪಾನಿನಲ್ಲಿ ಯಂತ್ರ ಅಂಗಡಿಗೆ ಬಂದದ್ದು 1995ರ ಜುಲೈ 21ರಂದು, ಬೆಲೆ 15,000 ಯೆನ್. ಅಲ್ಲಿಗೆ ಕೊನೆಯ ಗೇಮ್‌ಗಳು ಬಂದದ್ದು ಅದೇ ವರ್ಷ ಡಿಸೆಂಬರ್ 22ರಂದು. ಐದು ತಿಂಗಳು, ಒಂದು ದಿನ. ಅಮೆರಿಕದಲ್ಲಿ ಆಗಸ್ಟಿನಲ್ಲಿ 179.95 ಡಾಲರಿಗೆ ಮಾರಾಟ ಶುರುವಾಗಿ, 1996ರ ಮಾರ್ಚಿನಲ್ಲಿ 3ಡಿ ಟೆಟ್ರಿಸ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜಗತ್ತಿನಲ್ಲೆಲ್ಲ ಸೇರಿ ಮಾರಾಟವಾದದ್ದು ಸುಮಾರು 7,70,000 ಯಂತ್ರ. ಅದೇ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್, ಕಲರ್ ಮಾದರಿಯೂ ಸೇರಿ, 11 ಕೋಟಿ ದಾಟಿದೆ. ಎರಡರ ಹಿಂದೆಯೂ ಇದ್ದವರು ಒಬ್ಬರೇ, ನಿಂಟೆಂಡೊದ ವಿನ್ಯಾಸಕ ಗುನ್ಪೇ ಯೊಕೊಯಿ.

ಯಂತ್ರ ಹೇಗಿತ್ತು ಅಂದರೆ, ಜಾತ್ರೆಯಲ್ಲಿ ಬಯಾಸ್ಕೋಪ್ ಪೆಟ್ಟಿಗೆಗೆ ಕಣ್ಣಿಟ್ಟು ನೋಡಿದವರಿಗೆ ಅರ್ಧ ಅರ್ಥವಾದ ಹಾಗೆಯೇ. ಹೆಸರು ಕೇಳಿದರೆ ತಲೆಗೆ ಕಟ್ಟಿಕೊಳ್ಳುವ ವಸ್ತು ಅನ್ನಿಸುತ್ತದೆ, ಆದರೆ ಅದು ಮೇಜಿನ ಮೇಲೆ ಎರಡು ಕಾಲಿನ ಸ್ಟ್ಯಾಂಡ್ ಮೇಲೆ ನಿಲ್ಲುವ ಕೆಂಪು ಕಪ್ಪು ಪೆಟ್ಟಿಗೆ. ನೀವು ಕುತ್ತಿಗೆ ಬಗ್ಗಿಸಿ ಮುಖವನ್ನು ಅದರೊಳಗೆ ಇಡಬೇಕು. ಒಳಗೆ ಒಂದೊಂದು ಕಣ್ಣಿಗೆ 224 ಕೆಂಪು ಎಲ್‌ಇಡಿಗಳ ಒಂದೇ ಒಂದು ಕಂಬ. ಅದರೆದುರು ಕನ್ನಡಿಯೊಂದು ಸೆಕೆಂಡಿಗೆ 50 ಸಲ ಅತ್ತಿತ್ತ ಆಡುತ್ತದೆ. ಆ ಓಟದಲ್ಲಿ ಎಲ್‌ಇಡಿಗಳು ಮಿಂಚಿ ಆರುತ್ತ ಅಡ್ಡಕ್ಕೆ 384 ಚುಕ್ಕೆಗಳ ಚಿತ್ರವನ್ನು ನಮ್ಮ ಕಣ್ಣಲ್ಲಿ ಬರೆಯುತ್ತವೆ. ಎರಡೂ ಕಣ್ಣಿಗೆ ಚೂರು ಚೂರು ಬೇರೆ ಚಿತ್ರ ಕೊಟ್ಟರೆ ಮಿದುಳು ಅದನ್ನು ಆಳ ಅಂತ ಓದಿಕೊಳ್ಳುತ್ತದೆ. ಈ ಪರದೆ ಮಸಾಚುಸೆಟ್ಸ್‌ನ ರಿಫ್ಲೆಕ್ಷನ್ ಟೆಕ್ನಾಲಜಿ ಎಂಬ ಕಂಪನಿಯದು. ಕೆಂಪು ಬಣ್ಣ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕೆಂಪು ಎಲ್‌ಇಡಿ ಅಗ್ಗ, ಬ್ಯಾಟರಿಯನ್ನೂ ಕಡಿಮೆ ಕುಡಿಯುತ್ತದೆ. ಪ್ರಖರ ನೀಲಿ ಎಲ್‌ಇಡಿಯನ್ನು ಜಪಾನಿನ ಶೂಜಿ ನಾಕಾಮುರಾ ತಯಾರಿಸಿ ತೋರಿಸಿದ್ದೇ 1993ರಲ್ಲಿ. ಆಟಿಕೆಯ ಬೆಲೆಗೆ ಅದು ನಿಲುಕುವಂತಿರಲಿಲ್ಲ.

ಹೀಗೆ ಮುಖ ತೂರಿಸಿ ಆಡುವ ಕಾರಣ ಒಬ್ಬರ ಆಟ ಪಕ್ಕದವರಿಗೆ ಕಾಣದು. ಟಿವಿ ಮುಂದೆ ಅಣ್ಣ ಆಡುವುದನ್ನು ತಮ್ಮ ನೋಡಿ ‘ನನಗೊಂದು ಚಾನ್ಸ್ ಕೊಡೋ’ ಅನ್ನುವ ವ್ಯವಹಾರವೇ ಇಲ್ಲ. ಎರಡು ಯಂತ್ರ ಜೋಡಿಸುವ ಕಿಂಡಿಯನ್ನು ಕೆಳಗೆ ಇಟ್ಟಿದ್ದರು, ಜೋಡಿಸುವ ಕೇಬಲ್ ಮಾತ್ರ ಯಾವತ್ತೂ ಮಾರಾಟಕ್ಕೆ ಬರಲಿಲ್ಲ. ಹಾಗಾಗಿ ಅಮೆರಿಕದಲ್ಲಿ ಯಂತ್ರದ ಜೊತೆಗೇ ಕೊಟ್ಟ ಮಾರಿಯೋಸ್ ಟೆನಿಸ್‌ನಲ್ಲಿ ಕೂಡ ಎದುರಾಳಿ ಕಂಪ್ಯೂಟರೇ. ಟೆನಿಸ್ ಗೇಮ್ ಕೊಟ್ಟು ಜೊತೆಗಾರನನ್ನು ಕೊಡದ್ದು ನನ್ನ ಪ್ರಕಾರ ಈ ಯಂತ್ರದ ದೊಡ್ಡ ಪೆದ್ದುತನ, ಕೆಂಪು ಬಣ್ಣಕ್ಕಿಂತ ದೊಡ್ಡದು. ಜೊತೆಗೆ ಕಣ್ಣಿನ ಭಯ: ಏಳು ವರ್ಷದೊಳಗಿನ ಮಕ್ಕಳು ಆಡಬಾರದು ಎಂಬ ಎಚ್ಚರಿಕೆ, ಆಗಾಗ ತಾನೇ ಆಟ ನಿಲ್ಲಿಸಿ ವಿಶ್ರಾಂತಿ ತಗೊಳ್ಳಿ ಅನ್ನುವ ಏರ್ಪಾಡು. ಹೊರಗೆ ನೋಡಿದರೆ ಸೋನಿಯ ಪ್ಲೇಸ್ಟೇಷನ್ 1994ರ ಡಿಸೆಂಬರಿನಲ್ಲೇ ಜಪಾನಿಗೆ ಬಂದಾಗಿತ್ತು, ನಿಂಟೆಂಡೊದ್ದೇ ನಿಂಟೆಂಡೊ 64 ಮರುವರ್ಷಕ್ಕೆ ಸಿದ್ಧವಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಹೊರಗಿನ ಗೇಮ್ ಕಂಪನಿಗಳು ತಮ್ಮ ಒಳ್ಳೆಯ ಜನರನ್ನು ಈ ಕಡೆ ಯಾಕೆ ಕೂರಿಸುತ್ತವೆ?

ಇದರಿಂದಾದ ಫಲವೇ ಈ ಪಟ್ಟಿಯ ವಿಚಿತ್ರ. ಬೇರೆ ಯಂತ್ರಗಳಲ್ಲಿ ಮೊದಲ ವರ್ಷದ ಗೇಮ್‌ಗಳು ತಡವರಿಸುತ್ತವೆ, ಎರಡನೆಯ ಮೂರನೆಯ ವರ್ಷ ಕೈ ಕುದುರುತ್ತದೆ. ಇಲ್ಲಿ ಆ ಎರಡನೇ ಸುತ್ತೇ ಇಲ್ಲ. ನಾವು ನೋಡುತ್ತಿರುವ 22ರಲ್ಲಿ ಬಹುಪಾಲು ಕೈ ಪಳಗುವ ಮೊದಲಿನವು. ಆಳ ಕೊಡಬಲ್ಲ ಯಂತ್ರಕ್ಕೆ ಆಳವೇ ಬೇಡದ ಗೇಮ್ ಎಷ್ಟಿವೆ ನೋಡಿ: ಪ್ಯಾನಿಕ್ ಬಾಂಬರ್, ವಿ-ಟೆಟ್ರಿಸ್, ವರ್ಚುವಲ್ ಲ್ಯಾಬ್, ಮೂರೂ ಚೌಕ ಜೋಡಿಸುವ ಚಪ್ಪಟೆ ಆಟಗಳು. ಅವನ್ನು ಯಾವ ಪರದೆಯಲ್ಲಾದರೂ ಆಡಬಹುದು. ವಾಟರ್‌ವರ್ಲ್ಡ್ ಎಂಬ ಸಿನಿಮಾ ಆಧಾರಿತ ಗೇಮನ್ನು ಈ ಪಟ್ಟಿಯ ತಳದಲ್ಲಿ ಇಡುವವರೇ ಹೆಚ್ಚು. ನಾನೂ ವಾದ ಮಾಡಲು ಹೋಗುವುದಿಲ್ಲ.

ಆದರೆ ವರ್ಚುವಲ್ ಬಾಯ್ ವಾರಿಯೊ ಲ್ಯಾಂಡ್ ಆಡಿದವರ ಕಥೆಯೇ ಬೇರೆ. ವಾರಿಯೊ ಗುಹೆಯಲ್ಲಿ ಎಡದಿಂದ ಬಲಕ್ಕೆ ಓಡುತ್ತಾನೆ, ಅದರಲ್ಲೇನೂ ಹೊಸತಿಲ್ಲ. ಒಂದು ಸ್ಪ್ರಿಂಗ್ ಹಲಗೆ ಸಿಗುತ್ತದೆ, ಹಾರಿದರೆ ಅವನು ಮೇಲಕ್ಕಲ್ಲ, ಒಳಕ್ಕೆ ಹೋಗುತ್ತಾನೆ. ಇಷ್ಟು ಹೊತ್ತು ಹಿನ್ನೆಲೆಯ ಚಿತ್ರ ಅಂದುಕೊಂಡಿದ್ದ ಬಂಡೆಯ ಮೇಲೆ ಪುಟ್ಟ ವಾರಿಯೊ ನಡೆದಾಡುತ್ತಾನೆ, ಅಲ್ಲಿ ನಾಣ್ಯಗಳೂ ಬಾಗಿಲುಗಳೂ ಇವೆ. ಮುಳ್ಳಿನ ಗುಂಡು ಉಯ್ಯಾಲೆಯ ಹಾಗೆ ದೂರದಿಂದ ತೂಗಿ ನಮ್ಮ ಮುಖದ ಹತ್ತಿರಕ್ಕೇ ಬರುತ್ತದೆ. ಅದು ಯಾವಾಗ ಬಡಿಯುತ್ತದೆ ಅನ್ನುವುದನ್ನು ಆಳ ನೋಡಿಯೇ ಅಂದಾಜು ಮಾಡಬೇಕು. ಮಾರಿಯೊ ಕ್ಲ್ಯಾಶ್ ಕೂಡ ಇದೇ ದಾರಿಯಲ್ಲಿದೆ: ಆಮೆಯ ಚಿಪ್ಪನ್ನು ಎತ್ತಿ, ಆಚೆಯ ಅಟ್ಟದ ಮೇಲಿರುವ ಶತ್ರುವಿಗೆ ಒಳಮುಖವಾಗಿ ಎಸೆಯಬೇಕು. ಟೆಲಿರೋಬಾಕ್ಸರ್ ಎಂಬ ರೋಬಾಟ್ ಬಾಕ್ಸಿಂಗ್‌ನಲ್ಲಿ ಕಂಟ್ರೋಲರಿನ ಎಡಗಡೆಯ ದಿಕ್ಕಿನ ಗುಂಡಿ ಎಡಗೈಗೆ, ಬಲಗಡೆಯದು ಬಲಗೈಗೆ. ಎರಡು ಕಡೆಯೂ ದಿಕ್ಕಿನ ಗುಂಡಿ ಇಟ್ಟಿದ್ದರ ಸಾರ್ಥಕತೆ ಅಲ್ಲಿ ಕಾಣುತ್ತದೆ. ಇವುಗಳಲ್ಲಿ ವಾರಿಯೊ ಲ್ಯಾಂಡ್, ಮಾರಿಯೊ ಕ್ಲ್ಯಾಶ್ ಎರಡೂ ಯೊಕೊಯಿ ಅವರದೇ ವಿಭಾಗ ಆರ್&ಡಿ1ರಿಂದ ಬಂದವು. ಯಂತ್ರದ ಮನಸ್ಸು ಗೊತ್ತಿದ್ದದ್ದು ಅದನ್ನು ಕಟ್ಟಿದ ಮನೆಯವರಿಗೇ, ಅದರಲ್ಲಿ ಆಶ್ಚರ್ಯವಿಲ್ಲ.

ಹೊರಗಿನವರಲ್ಲಿ ನನಗೆ ಇಷ್ಟವಾದದ್ದು ಟಿ&ಇ ಸಾಫ್ಟ್ ಮಾಡಿದ ರೆಡ್ ಅಲಾರ್ಮ್. ಬರೀ ಗೆರೆಗಳಿಂದ ಕಟ್ಟಿದ ಸುರಂಗದಲ್ಲಿ ವಿಮಾನ ನುಗ್ಗಿಸುವ ಆಟ. ಗೋಡೆಗಳಿಗೆ ಮೈ ಇಲ್ಲ, ಹಿಂದಿನ ಗೆರೆಯೂ ಮುಂದಿನ ಗೆರೆಯೂ ಒಟ್ಟಿಗೇ ಕಾಣುತ್ತವೆ. ಅದರ ಫೋಟೊ ನೋಡಿದರೆ ಗೋಜಲು, ಪೆಟ್ಟಿಗೆಗೆ ಕಣ್ಣಿಟ್ಟರೆ ಗೆರೆಗಳು ತಮ್ಮ ತಮ್ಮ ದೂರಕ್ಕೆ ಸರಿದು ನಿಲ್ಲುತ್ತವೆ. ಈ ಯಂತ್ರವನ್ನು ಅಂಗಡಿಯಲ್ಲಿ ಚಿತ್ರ ತೋರಿಸಿ ಮಾರುವುದು ಯಾಕೆ ಕಷ್ಟವಾಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅಟ್ಲಸ್ ಕಂಪನಿಯ ಜ್ಯಾಕ್ ಬ್ರದರ್ಸ್ ಇನ್ನೊಂದು. ಅದರಲ್ಲಿ ಗಡಿಯಾರದ ಸಮಯವೇ ಜೀವ, ಪೆಟ್ಟು ಬಿದ್ದರೆ ಸೆಕೆಂಡುಗಳು ಕಳೆಯುತ್ತವೆ. ಮೆಗಾಮಿ ಟೆನ್ಸೇ ಎಂಬ ಗೇಮ್ ಸರಣಿಯಿಂದ ಜಪಾನಿನ ಹೊರಗೆ ಬಿಡುಗಡೆಯಾದ ಮೊದಲ ಗೇಮ್ ಅದು ಎಂಬುದು ಇಂದು ಆ ಸರಣಿಯ ಅಭಿಮಾನಿಗಳಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಯೊಕೊಯಿ 1996ರಲ್ಲಿ ನಿಂಟೆಂಡೊ ಬಿಟ್ಟರು, 1997ರ ಅಕ್ಟೋಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಯಂತ್ರ ಸೋತದ್ದಕ್ಕೇ ಅವರನ್ನು ಹೊರಗೆ ಹಾಕಿದರು ಎಂಬ ಕಥೆ ಓಡಾಡುತ್ತದೆ. ಆದರೆ ಅವರಿಗೆ ಐವತ್ತರ ಸುಮಾರಿಗೆ ಸ್ವಂತ ಕಂಪನಿ ಕಟ್ಟುವ ಆಸೆ ಮೊದಲಿನಿಂದಲೂ ಇತ್ತು, ಬಿಟ್ಟ ಮೇಲೆ ಕಟ್ಟಿದರು ಕೂಡ.

ಈಗ ಆಡಬೇಕೆಂದರೆ? 2025ರ ಸೆಪ್ಟೆಂಬರಿನಲ್ಲಿ ನಿಂಟೆಂಡೊ ಈ ಗೇಮ್‌ಗಳಲ್ಲಿ ಹಲವನ್ನು ತನ್ನ ಹೊಸ ಕಾಲದ ಗೇಮ್ ಯಂತ್ರ ಸ್ವಿಚ್‌ನ ಚಂದಾದಾರರಿಗೆ ಕೊಡುವುದಾಗಿ ಪ್ರಕಟಿಸಿತು, ಸ್ವಿಚ್ಚನ್ನು ಒಳಗಿಟ್ಟು ಮುಖ ತೂರಿಸಲು ಅದೇ ಕೆಂಪು ಪೆಟ್ಟಿಗೆಯ ಪ್ರತಿರೂಪವನ್ನೂ, ಅಗ್ಗಕ್ಕೆ ಬೇಕಾದವರಿಗೆ ರಟ್ಟಿನದನ್ನೂ ತೋರಿಸಿತು. ಹಳೆಯ ಯಂತ್ರವನ್ನೇ ತರಿಸುವವರು ಎರಡು ಮಾತು ನೆನಪಿಡಿ. ಒಳಗಿನ ಪರದೆಗೆ ಹೋಗುವ ಪಟ್ಟಿ ಕೇಬಲ್ಲನ್ನು ಬೆಸುಗೆಯಿಂದಲ್ಲ, ಅಂಟಿನಿಂದ ಕೂರಿಸಿದ್ದಾರೆ. ಅಂಟು ಬಿಟ್ಟರೆ ಚಿತ್ರದಲ್ಲಿ ಗೆರೆಗಳು ಹರಿಯುತ್ತವೆ, ಬೆಸುಗೆ ಹಾಕಬಲ್ಲವರು ಬೇಕಾಗುತ್ತಾರೆ. ಎರಡನೆಯದು ಸಂತೋಷದ ಸುದ್ದಿ: ಈ ಯಂತ್ರಕ್ಕೆ ದೇಶದ ಬೀಗ ಇಲ್ಲ. ಅಮೆರಿಕದ ಯಂತ್ರದಲ್ಲಿ ಜಪಾನಿನ ಕಾರ್ಟ್ರಿಜ್ ಹಾಗೇ ಓಡುತ್ತದೆ, ಹಾಗಾಗಿ ನಿಮ್ಮ ಲೆಕ್ಕ 14ಕ್ಕೆ ನಿಲ್ಲಬೇಕಿಲ್ಲ. ಆದರೆ 1995ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದವು, ವರ್ಚುವಲ್ ಬೌಲಿಂಗ್, ಎಸ್‌ಡಿ ಗುಂಡಮ್, ಸ್ಪೇಸ್ ಇನ್ವೇಡರ್ಸ್, ವರ್ಚುವಲ್ ಲ್ಯಾಬ್, ಬಲು ದುಬಾರಿ. ನಕಲಿಗಳೂ ಓಡಾಡುತ್ತಿವೆ. ಅಂದ ಹಾಗೆ, ವರ್ಚುವಲ್ ಲ್ಯಾಬ್ ಮೇಲೆ ನಿಂಟೆಂಡೊ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ‘ಎನ್’ ಅಕ್ಷರ ಎರಡು ಕಡೆ ಜೋಡಿ ಜೋಡಿಯಾಗಿ ಬಿದ್ದಿದ್ದರೆ ನಕಲಿ ಅಂತ ವಾಪಸ್ ಕಳಿಸಬೇಡಿ. ಅಸಲಿಯಲ್ಲೇ ಹಾಗಿದೆ.